ಹದಿನೈದು ಆಂಪಿನ ಬಾಂಧವ್ಯ

ಜೆ.ಪಿ. ನಗರದಿಂದ ವಿಲ್ಸನ್ ಗಾರ್ಡನ್ನಿನವರೆಗೆ ಈಗ ನನ್ನ ಮೇಲೆ ಒಂದೇ ಅಪವಾದ. ನನಗೆ ನೆಂಟರೆಂದರೆ ಪ್ರಾಣವಂತೆ. ಅದರಲ್ಲೂ ಹೆಂಡತಿಯ ಕಡೆಯ ನೆಂಟರು. ಮದುವೆ ಮನೆಗಳಲ್ಲಿ ಹೊಸ ಅಳಿಯಂದಿರನ್ನು ಕೂರಿಸಿಕೊಂಡು "ಅಳಿಯ ಅಂದ್ರೆ ನಮ್ಮ ಅನಂತಪದ್ಮನಾಭನ ಹಾಗಿರಬೇಕು" ಎಂದು ಉಪದೇಶ ಮಾಡುತ್ತಿದ್ದಾರೆಂದು ಕೇಳಿದ್ದೇನೆ. ಆ ಹುಡುಗರು ನನಗೆ ಎಷ್ಟು ಶಾಪ ಹಾಕುತ್ತಿದ್ದಾರೋ. ಕಳ್ಳತನದ ಅಪವಾದವಾಗಿದ್ದರೆ ವಕೀಲರನ್ನು ಹಿಡಿಯಬಹುದಿತ್ತು, ಪ್ರೀತಿಯ ಅಪವಾದಕ್ಕೆ ಜಾಮೀನಿಲ್ಲ. ಇದೆಲ್ಲ ಆದದ್ದು ಒಂದು ಎಲೆಕ್ಟ್ರಿಕ್ ಕಾರಿನಿಂದ.

ನಾನು ಸರಕಾರಿ ಕಚೇರಿಯೊಂದರಲ್ಲಿ ಜೀವಮಾನವೆಲ್ಲ ನಕ್ಷೆ ಬರೆದು ನಿವೃತ್ತನಾದವನು. ಕುತೂಹಲ ನನ್ನ ಹುಟ್ಟುಗುಣ. ಮನೆಗೆ ಹೊಸ ಮಿಕ್ಸಿ ಬಂದರೆ ಮೊದಲು ಬಿಚ್ಚಿ ನೋಡಬೇಕು, ಆಮೇಲೆ ಚಟ್ನಿ. (ಬಿಚ್ಚಿದ ಮಿಕ್ಸಿ ಮತ್ತೆ ಮಿಕ್ಸಿಯೇ ಆಗುತ್ತದೆಂಬ ಖಾತ್ರಿ ನಾನು ಯಾರಿಗೂ ಕೊಟ್ಟಿಲ್ಲ.) ಇಂಥವನ ಕಣ್ಣಮುಂದೆ ಹಸಿರು ನಂಬರ್ ಪ್ಲೇಟಿನ ಕಾರುಗಳು ಸದ್ದಿಲ್ಲದೆ ಸುಳಿದಾಡತೊಡಗಿದರೆ ಏನಾಗಬೇಕು? ಒಂದು ಸಲ ಚಾರ್ಜ್ ಮಾಡಿದರೆ ನಿಜವಾಗಿ ಎಷ್ಟು ದೂರ ಹೋಗುತ್ತದೆ, ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಂತಲ್ಲೇ ನಿಂತಾಗ ಕರೆಂಟು ಸೋರಿಹೋಗುತ್ತದೆಯೇ, ಎ.ಸಿ. ಹಾಕಿದರೆ ಎಷ್ಟು ತಿನ್ನುತ್ತದೆ, ಮಳೆಗಾಲದಲ್ಲಿ ನೀರು ನಿಂತ ರಸ್ತೆಗೆ ಇಳಿದರೆ ಕಾರಿನೊಳಗೆ ಕೂತವರ ಗತಿಯೇನು, ಎಂದೆಲ್ಲ ಯೋಚಿಸಿ ನನ್ನ ಮಧ್ಯಾಹ್ನದ ನಿದ್ದೆಗೆ ಸಂಚಕಾರ ಬಂತು. ನನ್ನ ಹೆಂಡತಿ ಸತ್ಯಭಾಮಾ ಇದನ್ನು ಗಮನಿಸಿದಳು. ಹಾಲಿನ ಕಡಲಲ್ಲಿ ಹಾವಿನ ಮೇಲೆ ಮಲಗಿದ ದೇವರ ಹೆಸರಿಟ್ಟುಕೊಂಡು, ಹೆಸರಿಗೆ ತಕ್ಕಂತೆ ನಡೆದುಕೊಂಡು ಬಂದಿದ್ದವನು ಎದ್ದು ಕೂತಿದ್ದಾನೆಂದರೆ ಕಾಯಿಲೆಯೇ ಇರಬೇಕೆಂದು ಅವಳ ಅನುಮಾನ.

ಕಾಯಿಲೆ ಅಲ್ಲ, ಸಂಶೋಧನೆ ಎಂದು ತೋರಿಸಲು ಕಚೇರಿ ಕಾಲದ ಕೈವಾರ ಹೊರತೆಗೆದೆ. ಕರ್ನಾಟಕದ ದೊಡ್ಡ ನಕ್ಷೆಯೊಂದನ್ನು ಹಾಲ್‌ನ ಗೋಡೆಗೆ ಅಂಟಿಸಿ, ಕೈವಾರದ ಮುಳ್ಳನ್ನು ನಮ್ಮ ಜೆ.ಪಿ. ನಗರದ ಮೇಲೆ ಊರಿ, ಒಂದು ವೃತ್ತ ಎಳೆದೆ. ಶೋರೂಮಿನವನು ಹೇಳಿದ ದೂರದಲ್ಲಿ ಅವನ ಬಾಯಿಮಾತಿನ ಪಾಲು ಕಳೆದು, ಎ.ಸಿ. ಕಳೆದು, ರಸ್ತೆಯ ಡೊಂಕು ಕಳೆದು, ಉಳಿದದ್ದರ ಅರ್ಧಕ್ಕೆ ಎಳೆದ ವೃತ್ತ. ಅಂದರೆ ಈ ಗೆರೆಯೊಳಗಿನ ಯಾವ ಊರಿಗಾದರೂ ಹೋಗಿ, ದಾರಿಯಲ್ಲಿ ಎಲ್ಲೂ ಕೈಚಾಚದೆ ಮನೆಗೆ ವಾಪಸು ಬರಬಹುದು. ತುಮಕೂರು ಒಳಗಿತ್ತು, ಚಿಂತಾಮಣಿ ಒಳಗಿತ್ತು, ಮದ್ದೂರೂ ಒಳಗಿತ್ತು. ಸತ್ಯಭಾಮಾ ಸೌಟು ಹಿಡಿದುಕೊಂಡೇ ಬಂದು ಆ ವೃತ್ತವನ್ನು ತುಂಬ ಹೊತ್ತು ನೋಡಿ, "ಹೌದಾ" ಎಂದಷ್ಟೇ ಹೇಳಿ ಒಳಗೆ ಹೋದಳು. ಆ "ಹೌದಾ"ದ ಆಳ ನನಗೆ ಆಗ ತಿಳಿಯಲಿಲ್ಲ.

ಕಾರು ಬಂತು. ಆರತಿಯಾಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಮಾರನೆಯ ದಿನ ಚಾರ್ಜರ್ ಹಾಕಲು ಬಂದವರನ್ನು ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಗೇಟಿನಲ್ಲೇ ತಡೆದ. ಅಸೋಸಿಯೇಷನ್ ಒಪ್ಪಿಗೆಯಿಲ್ಲದೆ ಪಾರ್ಕಿಂಗ್ ಕಂಬಕ್ಕೆ ಮೊಳೆಯನ್ನೂ ಹೊಡೆಯುವಂತಿಲ್ಲ. ಹಸುವನ್ನು ಹೊಡೆದುಕೊಂಡು ಬಂದಮೇಲೆ ನನಗೆ ಕೊಟ್ಟಿಗೆ ನೆನಪಾಗಿತ್ತು. ಒಪ್ಪಿಗೆ ಎಷ್ಟರದು, ನಾಳೆಯೇ ಕೇಳಿದರಾಯಿತು ಅಂದುಕೊಂಡೆ. ಮನೆ ಸತ್ಯಭಾಮಾಳ ಹೆಸರಿನಲ್ಲಿದೆ. ಕಮಿಟಿಯಲ್ಲಿರುವವಳೂ ಅವಳೇ, ಏಕೆಂದರೆ ನಾನು ಹೋಗಿದ್ದ ಒಂದೇ ಒಂದು ಮೀಟಿಂಗಿನಲ್ಲಿ ನೀರಿನ ಟ್ಯಾಂಕರಿನ ಚರ್ಚೆಗೆ ಗೊರಕೆ ಹೊಡೆದೆನೆಂದು ಎಲ್ಲರೂ ಸೇರಿ ಅವಳನ್ನು ಆರಿಸಿದರು. ಹಾಗಾಗಿ ಮೀಟಿಂಗಿಗೆ ಅವಳೇ ಹೋದಳು. ಹೋಗಿ ಬಂದು, "ಮುಂದಿನ ಮೀಟಿಂಗಿಗೆ ಹಾಕಿದಾರೆ ರೀ" ಎಂದಳು.

"ಯಾಕಂತೆ?"

"ಕಮಿಟಿಯಲ್ಲಿ ಒಬ್ಬರು ಬೇಡ ಅಂದ್ರು."

ಆ ಒಬ್ಬರಿಗೆ ಒಳ್ಳೆಯದಾಗದಿರಲಿ ಎಂದು ನಾನು ಶಪಿಸಿದೆ. ಹಾಗೆಲ್ಲ ಅನ್ನಬಾರದು ಎಂದು ಸತ್ಯಭಾಮಾ ಗದರಿದಳು. ಸೆಕ್ರೆಟರಿ ಮನೋಜ್‌ನನ್ನು ನಾನೇ ಕೇಳಿ ಬರುತ್ತೇನೆಂದರೆ, ಚಿಕ್ಕ ಹುಡುಗರ ಮುಂದೆ ಹೋಗಿ ಅಂಗಲಾಚುವುದು ನಿಮ್ಮ ವಯಸ್ಸಿಗೆ ಶೋಭಿಸುವುದಿಲ್ಲ ಎಂದಳು. ನನ್ನ ಘನತೆಯ ಬಗ್ಗೆ ಅವಳಿಗೆ ಇಷ್ಟು ಕಾಳಜಿ ಇರುವುದು ಕಂಡು ನಾನು ಸುಮ್ಮನಾದೆ.

ರಸ್ತೆ ಬದಿಯ ಚಾರ್ಜಿಂಗ್ ಸ್ಟೇಷನ್ನಿಗೂ ಹೋದೆನೆನ್ನಿ. ಕಾರಿಗೆ ತಗುಲಿಸುವ ಎರಡು ಗನ್ನುಗಳಲ್ಲಿ ಒಂದು ಕೆಟ್ಟಿತ್ತು, ಇನ್ನೊಂದನ್ನು ತಗುಲಿಸಿಕೊಂಡ ಟ್ಯಾಕ್ಸಿಯಲ್ಲಿ ಡ್ರೈವರು ಸೀಟು ಮಲಗಿಸಿ ನಿದ್ದೆ ಮಾಡುತ್ತಿದ್ದ. (ನಿದ್ದೆ ಮಾಡುವವರನ್ನು ಎಬ್ಬಿಸುವುದು ನನ್ನ ಧರ್ಮಕ್ಕೆ ವಿರುದ್ಧ.) ಅವನಾಗಿ ಎದ್ದು ಹೋದಮೇಲೆ ಆ್ಯಪ್ ನನ್ನಿಂದ ಓಟಿಪಿ ಕೇಳಿತು. ಆ ಓಟಿಪಿ ನಾನು ಯಾವತ್ತೋ ಬಿಟ್ಟುಬಿಟ್ಟ ಹಳೆಯ ನಂಬರಿಗೆ ಹೋಗಿ ಕೂತಿತು. ಹಿಂದೆ ನಿಂತ ಕಾರಿನವರು "ಅಂಕಲ್, ಆಗುತ್ತಾ ಇಲ್ವಾ?" ಎಂದು ಹಾರ್ನ್ ಹೊಡೆದರು. ಇಷ್ಟರ ಮೇಲೆ, ಮನೆಯ ಪವರ್ ಪ್ಲಗ್ಗಿನಲ್ಲಿ ನಿಧಾನವಾಗಿ ಚಾರ್ಜ್ ಮಾಡಿದರೆ ಬ್ಯಾಟರಿಗೆ ಒಳ್ಳೆಯದು ಎಂದು ಶೋರೂಮಿನವನು ಹೇಳಿದ್ದನ್ನು ನಾನು ವೇದವಾಕ್ಯ ಮಾಡಿಕೊಂಡಿದ್ದೆ. ಆದರೆ ನಮ್ಮ ಮನೆ ಇರುವುದು ಮೂರನೆಯ ಮಹಡಿಯಲ್ಲಿ, ಕಾರು ನೆಲದಲ್ಲಿ. ಬಾಲ್ಕನಿಯಿಂದ ಬಟ್ಟೆ ಒಣಹಾಕುವ ಹಗ್ಗದಂತೆ ವೈರು ಇಳಿಬಿಡುವ ನನ್ನ ಯೋಜನೆಯನ್ನು ಸತ್ಯಭಾಮಾ ಅರ್ಧ ವಾಕ್ಯದಲ್ಲೇ ನಿಲ್ಲಿಸಿದಳು.

ಕಾರಿನ ಪರದೆಯ ಮೇಲೆ ಶೇಕಡಾ ಇಪ್ಪತ್ತು ಎಂದು ಕೆಂಪಗೆ ಬಂದ ದಿನ ನನ್ನ ತಲೆಯಲ್ಲಿ ಆ ದಿವ್ಯ ಆಲೋಚನೆ ಹೊಳೆಯಿತು. ಸತ್ಯಭಾಮಾಳ ತಮ್ಮ ಸೋಮನಾಥ್ ಗಿರಿನಗರದಲ್ಲಿದ್ದಾನೆ. ಸ್ವಂತ ಮನೆ, ಮುಂದೆ ಪೋರ್ಟಿಕೋ. ಹಬ್ಬಕ್ಕೆ ದೊಡ್ಡ ಗ್ರೈಂಡರ್ ಹಚ್ಚಲೆಂದು ಪೋರ್ಟಿಕೋದಲ್ಲೇ ಹದಿನೈದು ಆಂಪಿನ ಪವರ್ ಪಾಯಿಂಟ್ ಹಾಕಿಸಿದ್ದನ್ನು ಗೃಹಪ್ರವೇಶದ ದಿನ ನೋಡಿದ ನೆನಪು. ಅದಾದಮೇಲೆ ನಾನು ಆ ಮನೆಗೆ ಹೋದವನಲ್ಲ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ, ನೆಂಟರೂ ಹಾಗೆಯೇ ಎಂಬುದು ನನ್ನ ಸಿದ್ಧಾಂತ. ಹಳೆಯ ಕಾರಿದ್ದಾಗ ಕ್ಲಚ್ಚು, ಟ್ರಾಫಿಕ್ಕು, ಮಂಡಿನೋವು ಎಂದು ಸರದಿಯ ಮೇಲೆ ನೆಪ ಹೇಳಿ ತಪ್ಪಿಸಿಕೊಂಡು ಬಂದಿದ್ದೆ. ಸತ್ಯಭಾಮಾ ಆಟೋ ಹಿಡಿದು ಹೋಗಿಬರುತ್ತಿದ್ದಳು, ಬರಬರುತ್ತಾ ಅದೂ ಕಡಿಮೆಯಾಗಿತ್ತು. ಸೋಮನಾಥನಿಗೆ ಗುಟ್ಟಾಗಿ ಫೋನು ಮಾಡಿ ಪವರ್ ಪಾಯಿಂಟ್ ಇನ್ನೂ ಇದೆಯೇ ಎಂದು ಖಚಿತಪಡಿಸಿಕೊಂಡೆ. ಅವನು "ಇದೆ ಭಾವ, ಯಾಕೆ?" ಎಂದಾಗ ಸುಮ್ಮನೆ ಕುತೂಹಲ ಎಂದು ಫೋನಿಟ್ಟೆ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಆದಷ್ಟು ಆರ್ದ್ರವಾದ ದನಿಯಲ್ಲಿ, "ಸತ್ಯಾ, ನಿನ್ನ ತಮ್ಮನ್ನ ನೋಡಿ ಎಷ್ಟು ದಿನ ಆಯ್ತೇ?" ಎಂದೆ.

ಅವಳು ಒಗ್ಗರಣೆ ಬಿಟ್ಟು ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಆಮೇಲೆ ನಾನು ಮನಸ್ಸು ಬದಲಾಯಿಸುವ ಮೊದಲೇ ಸೀರೆ ಉಟ್ಟು, ಎರಡು ಮೊಳ ಹೂವು ಕಟ್ಟಿಸಿಕೊಂಡು ಕಾರಿನಲ್ಲಿ ಕೂತಳು.

ಗಿರಿನಗರ ತಲುಪಿದೊಡನೆ, ಹೇಗೂ ಬಂದಿದ್ದೇವಲ್ಲ ಎಂಬ ನೆಪದಲ್ಲಿ ಕಾರನ್ನು ಪೋರ್ಟಿಕೋದ ಪಾಯಿಂಟಿಗೆ ಸಿಕ್ಕಿಸಿದೆ. ಇಲ್ಲಿ ನಾನು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿಯಿತ್ತು. ಕಾಫಿ ಕುಡಿಯಲು ಬೇಕಾದ್ದು ಕಾಲು ಗಂಟೆ. ಕಾರು ಕುಡಿಯಲು ಬೇಕಾದ್ದು ಇಡೀ ಹಗಲು. ನಮ್ಮ ಕಡೆ ಒಂದು ಪದ್ಧತಿಯಿದೆ, ನಿಮಗೂ ಗೊತ್ತಿರುತ್ತದೆ. ಕಾಫಿಯಾದಮೇಲೆ ಬಂದವರು ಎದ್ದು "ಬರ್ತೀವಿ" ಎನ್ನಬೇಕು. ಮನೆಯವರು "ಊಟ ಮಾಡ್ಕೊಂಡೇ ಹೋಗಿ" ಎನ್ನಬೇಕು. ಬಂದವರು "ಅಯ್ಯೋ ಬೇಡಿ, ಮನೇಲಿ ಹುಳಿ ಮಾಡಿಟ್ಟು ಬಂದಿದೀವಿ" ಎನ್ನಬೇಕು. ಇದು ಸಂಧ್ಯಾವಂದನೆಯ ಮಂತ್ರವಿದ್ದ ಹಾಗೆ, ಅರ್ಥ ಯಾರೂ ನೋಡುವುದಿಲ್ಲ. ಸೋಮನಾಥನ ಹೆಂಡತಿ ವನಿತಾ ತನ್ನ ಪಾಲಿನ ಮಂತ್ರ ಹೇಳಿದಳು. ನಾನು ಪೋರ್ಟಿಕೋದ ಕಡೆ ಕತ್ತು ಚಾಚಿ ನೋಡಿದೆ. ಕಾರು ಎರಡು ಶೇಕಡಾ ಮೇಲೇರಿತ್ತು. "ಆಗಲಮ್ಮ, ಅಷ್ಟು ಹೇಳ್ತೀಯಲ್ಲ" ಎಂದು ಮತ್ತೆ ಕೂತೆ.

ವನಿತಾಳ ಮುಖದಲ್ಲಿ ಆದದ್ದನ್ನು ನಾನು ವರ್ಣಿಸಲಾರೆ. ಒಳಗೆ ಎರಡನೆಯ ಕುಕ್ಕರ್ ಏರಿದ ಸದ್ದಾಯಿತು. ಊಟವಾದಮೇಲೆ "ಸ್ವಲ್ಪ ಒರಗಿ ಭಾವ" ಎಂದ ಸೋಮನಾಥ್. ಅದೂ ಮಂತ್ರವೇ, ಅದನ್ನೂ ನಿಜವಾಗಿಸಿ ಸಂಜೆಯವರೆಗೆ ಮಲಗಿದೆ. ಎಚ್ಚರವಾದಾಗ ಹಾಲ್‌ನಲ್ಲಿ ನಗು ಕೇಳಿಸಿತು. ಅಕ್ಕ ತಮ್ಮ ಹಳೆಯ ಫೋಟೋಗಳನ್ನು ಹರಡಿಕೊಂಡು, ಅವರಪ್ಪ ಯಾವುದೋ ಮದುವೆಯಲ್ಲಿ ಪಂಕ್ತಿಯಿಂದ ಎದ್ದು ಹೋದ ಕಥೆ ಹೇಳಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಸತ್ಯಭಾಮಾ ಹಾಗೆ ನಕ್ಕಿದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು. ವಾಪಸು ಬರುವಾಗ ಅವಳು ಸಣ್ಣಗೆ ಏನೋ ಗುನುಗುತ್ತಿದ್ದಳು, ಈ ಕಾರಿನಲ್ಲಿ ಸದ್ದಿಲ್ಲದ್ದರಿಂದ ನನಗದು ಪೂರ್ತಿ ಕೇಳುತ್ತಿತ್ತು. ನಾನು ಬಂದದ್ದು ಗ್ರೈಂಡರ್ ಪಾಯಿಂಟಿಗೆ ಎಂದು ಇವಳಿಗೆ ತಿಳಿದರೆ ಈ ಗುನುಗು ಇಲ್ಲಿಗೇ ನಿಲ್ಲುತ್ತದೆ ಎಂದು ಹೆದರಿದೆ. ಆದರೂ ಪರದೆಯ ಮೇಲೆ ಎಂಬತ್ತು ಎಂದು ಹಸಿರಾಗಿ ಕಾಣುತ್ತಿದ್ದುದರಿಂದ ಹೆಚ್ಚು ಹೊತ್ತು ಹೆದರಲಿಲ್ಲ.

ಆ ವಾರ ನನ್ನ ಸಂಶೋಧನೆ ಚೆನ್ನಾಗಿ ಮುಂದುವರಿಯಿತು. ಜಯನಗರ ಫೋರ್ತ್ ಬ್ಲಾಕಿಗೆ ತರಕಾರಿಗೆ, ಬನಶಂಕರಿ ಗುಡಿಗೆ, ಗಾಂಧಿ ಬಜಾರಿಗೆ, ಬಿಟಿಎಂನ ಹಲ್ಲಿನ ಡಾಕ್ಟರಿಗೆ ಎಂದು ಸುತ್ತಿಯೇ ಸುತ್ತಿದೆ. ಸಿಗ್ನಲ್ಲಿನಲ್ಲಿ ನಿಂತರೆ ಏನೂ ಸೋರುವುದಿಲ್ಲ, ಬ್ರೇಕು ಒತ್ತಿದರೆ ಒಂದಿಷ್ಟು ವಾಪಸೇ ಬರುತ್ತದೆ. ಮೊದಲ ದಿನಗಳಲ್ಲಿ ಎ.ಸಿ. ಹಾಕದೆ ಸತ್ಯಭಾಮಾಳನ್ನು ಇಡ್ಲಿಯಂತೆ ಬೇಯಿಸಿದ್ದು ವ್ಯರ್ಥವಾಯಿತು, ಅದು ತಿನ್ನುವುದು ಸ್ವಲ್ಪವೇ. ನಾವು ಊರೊಳಗೆ ಎಷ್ಟು ಸುತ್ತಿದರೂ ಕಾರಿಗೆ ವಾರಕ್ಕೊಂದು ಸಲ ಹೊಟ್ಟೆ ತುಂಬಿದರೆ ಸಾಕು. ದೂರದ ಚಿಂತೆಯೇ ಇಲ್ಲ, ಪ್ಲಗ್ಗಿನ ಚಿಂತೆ ಮಾತ್ರ. ವಾರಕ್ಕೊಂದು ಪ್ಲಗ್ಗು ಅಂದರೆ ವಾರಕ್ಕೊಂದು ನೆಂಟರ ಮನೆ. ವನಿತಾಳ ಮುಖ ನೆನಪಾಗಿ, ಗಿರಿನಗರಕ್ಕೆ ಇಷ್ಟು ಬೇಗ ಹೋಗುವುದು ಬೇಡವೆಂದು ಯೋಚಿಸುತ್ತಿರುವಾಗ ಸತ್ಯಭಾಮಾ ತಾನಾಗಿಯೇ, "ವಿಲ್ಸನ್ ಗಾರ್ಡನ್ ಚಿಕ್ಕಮ್ಮ ಹೊಸ ಗೀಸರ್ ಹಾಕ್ಸಿದಾರಂತೆ" ಎಂದಳು. ಚಿಕ್ಕಮ್ಮನ ಆರೋಗ್ಯ ವಿಚಾರಿಸಿ ಯುಗವಾಯಿತೆಂದು ನನಗೆ ತಕ್ಷಣ ನೆನಪಾಯಿತು.

ಕಮಲಾದೇವಿ ಚಿಕ್ಕಮ್ಮ ಮಡಿಯ ಮಹಾಮಾತೆ. ಗೀಸರಿನ ಪಾಯಿಂಟು ಇದ್ದದ್ದು ಬಚ್ಚಲಿನ ಹೊರಗೋಡೆಯಲ್ಲಿ, ಅಲ್ಲಿಂದ ನನ್ನ ಕೇಬಲ್ಲು ನಡುಮನೆ ದಾಟಿ ಕಿಟಕಿಯಿಂದ ಬೀದಿಗೆ ಇಳಿದಿತ್ತು. ಚಿಕ್ಕಮ್ಮ ಒದ್ದೆ ಸೀರೆಯಲ್ಲಿ ಬಂದು ಕೇಬಲ್ಲಿನ ಈಚೆ ನಿಂತರು, ದೇವರ ಮನೆ ಆಚೆ. ದಾಟಿದರೆ ಮೈಲಿಗೆಯೇ ಎಂಬ ಪ್ರಶ್ನೆ ಎದ್ದಿತು. ನಾನು ಅವರಿಗೆ ಕರೆಂಟು ಹರಿಯುವ ನೀರಿದ್ದ ಹಾಗೆ, ಹರಿಯುವುದಕ್ಕೆ ಮೈಲಿಗೆಯಿಲ್ಲ ಎಂದು ವಿವರಿಸಿದೆ. ಅವರಿಗೆ ಅದು ಹಿಡಿಸಿತು. ದಾಟಿ ಹೋಗಿ ಪೂಜೆ ಮುಗಿಸಿ ಬಂದು, ಕಾರಿನ ಬಗ್ಗೆ ಒಂದೊಂದೇ ಕೇಳಿದರು. ಎಷ್ಟು ತಿನ್ನುತ್ತದೆ, ಎಷ್ಟು ಹೊತ್ತಿಗೆ ಜೀರ್ಣವಾಗುತ್ತದೆ, ಏಕಾದಶಿ ದಿನ ಉಪವಾಸ ಬಿಟ್ಟರೆ ಓಡುತ್ತದೆಯೇ. ನನ್ನ ಜೀವನದಲ್ಲಿ ಯಾರೂ ನನ್ನನ್ನು ಇಷ್ಟು ಶ್ರದ್ಧೆಯಿಂದ ಪ್ರಶ್ನೆ ಕೇಳಿರಲಿಲ್ಲ. ಉತ್ತರ ಹೇಳುವ ಹುರುಪಿನಲ್ಲಿ, ಅವರು ದೋಸೆಗೆ ರುಬ್ಬಲು ಗ್ರೈಂಡರ್ ಹಾಕಿದ್ದನ್ನು ನಾನು ಗಮನಿಸಲಿಲ್ಲ. ಕಾರು, ಗ್ರೈಂಡರು ಎರಡೂ ಸೇರಿ ಇಡೀ ಮನೆಯ ಕರೆಂಟು ಹೋಯಿತು. ಎಲೆಕ್ಟ್ರಿಷಿಯನ್ ಬರುವಷ್ಟರಲ್ಲಿ ಸಂಜೆಯಾಯಿತು, ಹಿಟ್ಟು ಅರ್ಧ ರುಬ್ಬಿದಲ್ಲೇ ಉಳಿಯಿತು, ಕಾರಿನ ಹೊಟ್ಟೆಯೂ ಅಷ್ಟಕ್ಕಷ್ಟೇ. ನಾನು ತಲೆತಗ್ಗಿಸಿ ಕೂತಿದ್ದರೆ ಚಿಕ್ಕಮ್ಮ ಗೊಜ್ಜವಲಕ್ಕಿ ಮುಂದಿಟ್ಟು, "ಮಂಕಾಗಿ ಕೂತಿದೀಯಲ್ಲಪ್ಪ, ನಮ್ಮನೆ ಕರೆಂಟ್ ಹೋಯ್ತು ಅಂತ ಇಷ್ಟು ನೊಂದ್ಕೊಳ್ಳೋ ಅಳಿಯ ಯಾರಿಗೆ ಸಿಕ್ತಾನೆ" ಎಂದರು. ಅಪವಾದ ಹುಟ್ಟಿದ್ದು ಅಲ್ಲಿ, ಆ ತಟ್ಟೆಯ ಮುಂದೆ.

ಆಮೇಲೆ ಇಟ್ಟಮಡುವಿನಲ್ಲಿ ಸತ್ಯಭಾಮಾಳ ವೇಣು ಮಾವ. ವಾಷಿಂಗ್ ಮೆಷಿನ್ನಿನ ಪಾಯಿಂಟು, ಜೊತೆಗೆ ಅವರ ಮೂತ್ರಪಿಂಡದ ಕಲ್ಲಿನ ಸಮಗ್ರ ಚರಿತ್ರೆ. ಮತ್ತೆ ಗಿರಿನಗರ. ಮತ್ತೆ ವಿಲ್ಸನ್ ಗಾರ್ಡನ್, ಈ ಸಲ ಗ್ರೈಂಡರ್ ಮುಗಿದಮೇಲೆ. ಈ ನಡುವೆ ನಮ್ಮ ಮೀಟಿಂಗೂ ಮುಂದೆ ಹೋಗುತ್ತಲೇ ಇತ್ತು. ಒಂದು ಸಲ ಕಂಬದ ಬಲದ ಪ್ರಶ್ನೆ, ಇನ್ನೊಂದು ಸಲ ಮಳೆನೀರಿನ ಪ್ರಶ್ನೆ. ಆ ಬೇಡವೆನ್ನುವ ಒಬ್ಬರು ಬಹಳ ಗಟ್ಟಿ ಆಸಾಮಿ ಎಂದು ನನಗೆ ಒಳಗೊಳಗೇ ಮೆಚ್ಚುಗೆಯೂ ಆಗತೊಡಗಿತ್ತು.

ಆದರೆ ಸತ್ಯಭಾಮಾ ಮಾತ್ರ ದಿನದಿನಕ್ಕೆ ಅರಳುತ್ತಿದ್ದಳು. ಫೋನಿನಲ್ಲಿ ಗೆಳತಿಯರಿಗೆ "ನಮ್ಮವರು ತುಂಬ ಬದಲಾಗಿದಾರೆ ಕಣೆ" ಎನ್ನುತ್ತಿದ್ದಳು. ಕಾಫಿಗೆ ಡಿಕಾಕ್ಷನ್ ಗಟ್ಟಿಯಾಗಿತ್ತು. ಅವಳು ಖುಷಿಯಾದಷ್ಟೂ ನನ್ನ ಗುಟ್ಟು ಭಾರವಾಗುತ್ತಿತ್ತು. ಒಂದು ದಿನ ಇದು ಹೊರಬಿದ್ದೇ ಬೀಳುತ್ತದೆ. ಪ್ಲಗ್ಗಿಗಾಗಿ ನನ್ನ ತವರನ್ನು ಬಳಸಿಕೊಂಡಿರಾ ಎಂದು ಅವಳು ಕೇಳಿದರೆ ನಾನು ಏನು ಹೇಳಲಿ? ಅಷ್ಟರಲ್ಲಿ ಚಾರ್ಜರ್ ಹಾಕಿಸಿಬಿಟ್ಟರೆ ಸುಳ್ಳು ಹೇಳುವ ಅಗತ್ಯವೇ ತೀರುತ್ತದೆ, ಭಾನುವಾರದ ನಿದ್ದೆಯೂ ವಾಪಸು ಬರುತ್ತದೆ. ಘನತೆ ಹಾಳಾಗಲಿ ಎಂದು ಒಂದು ಬೆಳಿಗ್ಗೆ ನೇರವಾಗಿ ಸೆಕ್ರೆಟರಿ ಮನೋಜ್‌ನ ಮನೆಯ ಬೆಲ್ಲು ಒತ್ತಿದೆ. ಒಂದು ಕಾರಿನ ಪ್ಲಗ್ಗಿಗೆ ಇಷ್ಟು ಸತಾಯಿಸುವುದು ಯಾವ ನ್ಯಾಯವೆಂದು ಕೇಳಿದೆ.

ಮನೋಜ್ ಕಣ್ಣು ಪಿಳಿಪಿಳಿ ಬಿಟ್ಟ. "ಅಂಕಲ್, ನಾವೆಲ್ಲ ಮೊದಲ್ನೇ ಮೀಟಿಂಗಲ್ಲೇ ಓಕೆ ಅಂದಿದ್ವಲ್ಲ. ಆಂಟಿನೇ ಅವತ್ತು 'ಸ್ವಲ್ಪ ತಡೀರಿ' ಅಂದ್ರು, ಆಮೇಲಿನ ಮೀಟಿಂಗಲ್ಲಿ 'ಇನ್ನೂ ಎರಡು ಮನೆ ಬಾಕಿ ಇದೆ' ಅಂದ್ರು. ಈ ಬಿಲ್ಡಿಂಗಲ್ಲೇ ಯಾರೋ ಎರಡು ಮನೆಯವರು ಒಪ್ಪಿಲ್ಲ ಅಂತ ನಾವು ಅಂದ್ಕೊಂಡ್ವಿ."

ಮೂರು ಮಹಡಿ ಮೆಟ್ಟಿಲು ಹತ್ತಿದ್ದು ನನಗೆ ಗೊತ್ತೇ ಆಗಲಿಲ್ಲ. ಸತ್ಯಭಾಮಾ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಬೇಡವೆನ್ನುವ ಆ ಒಬ್ಬರು ಯಾರೆಂದು ತಿಳಿಯಿತು ಎಂದೆ. ಅವಳು ಕೈ ನಿಲ್ಲಿಸಲೂ ಇಲ್ಲ.

"ಒಳ್ಳೇದಾಗದಿರಲಿ ಅಂದ್ರಲ್ಲ ಅವತ್ತು, ನಾನೇನಾದ್ರೂ ಬೇಜಾರು ಮಾಡ್ಕೊಂಡ್ನಾ?" ಎಂದಳು.

"ನಿನಗೆ ಮೊದಲಿಂದ ಗೊತ್ತಿತ್ತಾ?"

"ಇಲ್ಲಿ ಪ್ಲಗ್ ಸಿಗದಿದ್ರೆ ನೀವು ನೆಂಟರ ಮನೆಗೆ ಬಂದೇ ಬರ್ತೀರಿ ಅಂತ ಮೊದಲ್ನೇ ಮೀಟಿಂಗಿಗೇ ಅಂದಾಜಿತ್ತು. ನೀವು ಪವರ್ ಪಾಯಿಂಟ್ ಇದೆಯಾ ಅಂತ ಸೋಮನಿಗೆ ಫೋನ್ ಮಾಡಿದ ಐದೇ ನಿಮಿಷಕ್ಕೆ ಅವನು ನನಗೆ ಮಾಡಿದ್ದ. ಭಾವನಿಗೆ ಏನೋ ಆಗಿದೆ ಅಂತ ಹೆದರ್ಕೊಂಡಿದ್ದ." ಸಿಪ್ಪೆಯನ್ನು ಪಕ್ಕಕ್ಕೆ ಹಾಕಿ ನನ್ನನ್ನೇ ನೋಡಿದಳು. "ನೀವು ಪ್ಲಗ್ಗಿಗೆ ಬಂದ್ರೋ ನನಗೋಸ್ಕರ ಬಂದ್ರೋ, ನಾನಂತೂ ತವರಿಗೆ ಹೋದೆ. ಅಷ್ಟು ಸಾಕು ನನಗೆ."

ಜಗಳಕ್ಕೆ ತಯಾರಾಗಿ ಬಂದವನ ಮುಂದೆ ಇಂಥ ಮಾತಾಡಿದರೆ ಏನು ಮಾಡುವುದು? ನಾನೂ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿದೆ. ಚಿಕ್ಕಮ್ಮನಿಗೂ ಹೇಳಿದ್ದೀಯಾ ಎಂದು ಮೆಲ್ಲಗೆ ಕೇಳಿದೆ. ಇಲ್ಲವೆಂದಳು. ಚಿಕ್ಕಮ್ಮ ಊರಿಗೆಲ್ಲ ನನ್ನನ್ನು ಹೊಗಳಿಕೊಂಡು ಬಂದಿದ್ದಾರೆ, ಈಗ ಹೇಳಿದರೆ ಅವರ ಮರ್ಯಾದೆ ಹೋಗುತ್ತದಂತೆ. ನನ್ನ ಮರ್ಯಾದೆಯ ಪ್ರಸ್ತಾಪ ಬರಲಿಲ್ಲ. ಮುಂದಿನ ಮೀಟಿಂಗಿನಲ್ಲಿ ತಾನೇ ಮುಂದೆ ನಿಂತು ಒಪ್ಪಿಗೆ ಕೊಡಿಸುತ್ತೇನೆಂದಳು, ಕೊಡಿಸಿದಳು ಕೂಡ. ಇಷ್ಟು ಸುಲಭವಾಗಿ ಒಪ್ಪಿದ್ದು ಯಾಕೆಂದು ನಾನು ಕೇಳಬೇಕಿತ್ತು. ಮಿಕ್ಸಿ ಬಿಚ್ಚುವ ಕುತೂಹಲ ಅಂಥ ಹೊತ್ತಿನಲ್ಲೇ ಕೈಕೊಡುತ್ತದೆ.

ಕಂಬಕ್ಕೆ ಚಾರ್ಜರ್ ಬಂತು. ಬೆಳಿಗ್ಗೆ ಎದ್ದರೆ ಕಾರು ಪೂರ್ತಿ ನೂರು. ಆ ಭಾನುವಾರ ನಾನು ತಿಂಡಿ ತಿಂದು, ಇನ್ನು ಯಾರ ಮನೆಗೂ ಹೋಗುವ ಹಂಗಿಲ್ಲ ಎಂಬ ಪರಮಾನಂದದಲ್ಲಿ ದಿವಾನದ ಮೇಲೆ ಅನಂತಶಯನನಾದೆ. ಕಣ್ಣು ಹತ್ತುತ್ತಿರುವಾಗ ಸತ್ಯಭಾಮಾ ಕರೆದಳು. ಗೋಡೆಯ ನಕ್ಷೆಯ ಮುಂದೆ ನಿಂತಿದ್ದಳು. ನನ್ನ ವೃತ್ತದೊಳಗೆಲ್ಲ ಹಣೆಗೆ ಇಡುವ ಕೆಂಪು ಸ್ಟಿಕ್ಕರ್‌ಗಳನ್ನು ಅಂಟಿಸಿದ್ದಳು. ತುಮಕೂರಿಗೆ ಎರಡು, ಚಿಂತಾಮಣಿಗೆ ಒಂದು, ಮದ್ದೂರಿಗೆ ಸ್ವಲ್ಪ ದೊಡ್ಡದೊಂದು. ಒಂದೊಂದು ಸ್ಟಿಕ್ಕರ್ ಒಬ್ಬೊಬ್ಬ ನೆಂಟರು.

"ಈಗ ಮನೇಲೇ ಪೂರ್ತಿ ತುಂಬುತ್ತಲ್ಲ, ಇನ್ನು ಊರೊಳಗೇ ಯಾಕೆ ಸುತ್ತೋದು" ಎಂದಳು. "ಒಂದು ಕೇಳ್ತೀನಿ. ಈ ಗೆರೆ ಹೋಗಿ ಬರೋ ಲೆಕ್ಕಕ್ಕೆ ಹಾಕಿದ್ದು ತಾನೇ?"

ಹೌದೆಂದೆ. ಇದು ನನ್ನ ವಿದ್ಯೆಯ ಪ್ರಶ್ನೆ, ಹೆಮ್ಮೆಯಿಂದಲೇ ಹೌದೆಂದೆ.

"ಮತ್ತೆ ಅಲ್ಲೇ ರಾತ್ರಿ ಉಳ್ಕೊಂಡು, ಅವರ ಮನೇಲೇ ಚಾರ್ಜ್ ಮಾಡಿದ್ರೆ?"

ನಾನು ಎದ್ದು ಕೂತೆ. ಹೆಂಡತಿಗೆ ಸುಳ್ಳು ಹೇಳಬಲ್ಲೆ, ಹೇಳಿದ್ದೇನೆ. ಆದರೆ ನಕ್ಷೆಯ ಮುಂದೆ ನಿಂತು ಅಳತೆಯ ವಿಷಯದಲ್ಲಿ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ವೃತ್ತ ಎರಡರಷ್ಟು ಅಗಲವಾಗುತ್ತದೆ ಎಂದು ತಲೆತಗ್ಗಿಸಿ ಒಪ್ಪಿಕೊಂಡೆ. ಅವಳು ಸೆರಗಿನ ಮರೆಯಿಂದ ನನ್ನ ಕೈವಾರ ತೆಗೆದು ಕೊಟ್ಟಳು. ನೀವೇ ಎಳೆಯಿರಿ, ನಿಮ್ಮ ಕೈ ಚೆನ್ನಾಗಿದೆ ಎಂದಳು. ಮುಳ್ಳನ್ನು ಜೆ.ಪಿ. ನಗರದ ಮೇಲೆ ಊರಿ ಎಳೆದೆ. ಮೈಸೂರು ಒಳಗೆ ಬಂತು, ತಿಪಟೂರು ಬಂತು, ಹಾಸನ ಗೆರೆಗೆ ತಗುಲಿಕೊಂಡು ಒಳಗೆ ಬಂತು. ಸತ್ಯಭಾಮಾ ಹಲ್ಲಿನಲ್ಲಿ ಸ್ಟಿಕ್ಕರ್ ಹಾಳೆ ಕಚ್ಚಿಕೊಂಡು ಹಿಂದೆ ಹಿಂದೆಯೇ ಅಂಟಿಸುತ್ತ ಬಂದಳು.

ಹಾಸನದ ಹತ್ತಿರ ನನಗೆ ಕಡೆಯ ಆಸೆಯೊಂದು ಹೊಳೆಯಿತು. ಅಲ್ಲಿ ಅವಳ ದೊಡ್ಡಮ್ಮ ಇದ್ದಾರೆ, ಅವರ ಮನೆಯಲ್ಲಿ ಇವತ್ತಿಗೂ ಹಂಡೆಯಲ್ಲೇ ನೀರು ಕಾಯುವುದು. ಗೀಸರ್ ಇಲ್ಲ, ವಾಷಿಂಗ್ ಮೆಷಿನ್ ಇಲ್ಲ, ಗ್ರೈಂಡರ್ ಇಲ್ಲ, ಎಲ್ಲ ಒರಳಿನಲ್ಲೇ. ಪಾಪ, ಅವರ ಮನೆಯಲ್ಲಿ ಒಂದು ಪವರ್ ಪಾಯಿಂಟ್ ಕೂಡ ಇಲ್ಲವಲ್ಲ ಎಂದೆ.

"ಇರ್ಲಿಲ್ಲ" ಎಂದಳು ಸತ್ಯಭಾಮಾ, ಸ್ಟಿಕ್ಕರನ್ನು ಹೆಬ್ಬೆರಳಿನಿಂದ ಒತ್ತುತ್ತ. "ನಿನ್ನೆ ಎಲೆಕ್ಟ್ರಿಷಿಯನ್ ಬಂದು ಜಗಲಿಗೆ ಹಾಕಿ ಹೋದ್ನಂತೆ. ಅಳಿಯಂದ್ರು ಬರ್ತಾರೆ ಅಂತ."